ನಾಲಿಗೆಗೆ ಮುಟ್ಟಿಸದ ಸೋರೆಕಾಯಿ

ಸಿದ್ದಗಂಗಮ್ಮ ಮಾಡಿದ ಅಡುಗೆಯ ರುಚಿ ನೋಡುವವರಲ್ಲ. ಲಿಂಗಪೂಜೆ ಆಗದೆ ಅವರ ಬಾಯಿಗೆ ಹನಿ ನೀರೂ ಬೀಳುವಂತಿಲ್ಲ. ಭಾನುವಾರ ಶೆಟ್ಟಿಹಳ್ಳಿಯಲ್ಲಿ ರೈತರ ಸಂತೆ. ನಸುಕಿಗೇ ಮನೆ ಬಿಡಬೇಕಾದ್ದರಿಂದ ಅವತ್ತು ಪೂಜೆ ಸಂತೆ ಮುಗಿದ ಮೇಲೆಯೇ. ಅಲ್ಲಿವರೆಗೂ ಹಸಿದ ಹೊಟ್ಟೆಯಲ್ಲಿ ನಿಂತು, ಆಗಷ್ಟೇ ಬಂದ ತರಕಾರಿಯಲ್ಲಿ ಕೋಸಂಬರಿಯನ್ನೋ ಜ್ಯೂಸನ್ನೋ ಮಾಡಿ ಬಂದವರಿಗೆಲ್ಲ ಹಂಚುತ್ತಾರೆ. ನಾಲಿಗೆಗೆ ಹತ್ತಿದರೆ ಜನ ಹಸಿ ತರಕಾರಿ ತಿನ್ನಲು ಕಲಿಯುತ್ತಾರೆ ಅನ್ನುವ ಆಸೆ. "ಬಾಯಿಗಿಡದೇನೇ ಅದೆಂಗಮ್ಮ ಇಷ್ಟು ಹದ!" ಎಂದು ಜನ ಅವರನ್ನು ಹೊಗಳಿ ಹೊಗಳಿ ಹೊನ್ನಶೂಲಕ್ಕೇರಿಸಿದ್ದರು. ಅದರ ಮೊನೆ ಚುಚ್ಚುವುದು ಏರಿದ ಮೇಲೆ ತಾನೆ ಗೊತ್ತಾಗುವುದು.

ಹೊಗಳದವರು ಒಬ್ಬರೇ, ಗಂಡ ಚನ್ನವೀರಯ್ಯ. ಹಿತ್ತಲ ಗಿಡ ಮದ್ದಲ್ಲ ನೋಡಿ. ಸಕ್ಕರೆ ಕಾಯಿಲೆ ಏರುತ್ತಿದ್ದರೂ ಸೊಪ್ಪು ಕಂಡರೆ ಮುಖ ಸಿಂಡರಿಸುವ ಆಸಾಮಿ. ಹೋದ ವಾರ ಸಂತೆಯಲ್ಲೇ, ಎಲ್ಲರೆದುರು, "ಇದೇನೇ, ಹಸುಗೆ ಕಲಸಿದ ಬೂಸಾನಾ?" ಅಂದುಬಿಟ್ಟಿದ್ದರು. ಭೂಮಿ ಬಾಯಿಬಿಡಬಾರದೇ ಅನ್ನಿಸಿತ್ತು ಸಿದ್ದಗಂಗಮ್ಮನಿಗೆ. ಅದಕ್ಕೇ ಈ ಭಾನುವಾರ ಬೆಳಿಗ್ಗೆ ಬಾಗಿಲಿಗೆ ಅಡ್ಡ ನಿಂತು ಕೇಳಿಕೊಂಡಿದ್ದರು.

"ನಿಮ್ಮ ದಮ್ಮಯ್ಯ ಕಣ್ರೀ, ಇವತ್ತೊಂದಿನ ಜನರೆದುರು ನನ್ನ ಕೈಅಡುಗೆ ಹಳೀಬೇಡಿ. ಕೊಟ್ಟಿದ್ದನ್ನ ಸುಮ್ನೆ ಕುಡೀರಿ."

"ಆಯ್ತು ಬುಡೇ," ಎಂದಿದ್ದರು ಚನ್ನವೀರಯ್ಯ.

ಸಂತೆಗೆ ಮೊದಲು ಬಂದವನು ನಿಟ್ಟೂರಿನ ರೈತ ಪುಟ್ಟರಂಗಯ್ಯ. ತಿಳಿಹಸಿರಿನ ಎಳೆ ಸೋರೆಕಾಯಿಗಳನ್ನು ಮೇಜಿನ ಮೇಲಿಟ್ಟು, ಎಲೆಅಡಿಕೆ ತುಂಬಿದ ಬಾಯಲ್ಲೇ ಹೇಳಿದ, "ಬಿತ್ತಿದ್ದಲ್ಲ ಕಣಕ್ಕ. ತಿಪ್ಪೆ ಮೇಲೆ ತಾನೇ ಹುಟ್ಟಿದ ಬಳ್ಳಿದು. ಒಂದು ಹನಿ ಔಷಧಿ ಕಂಡಿಲ್ಲ."

ತಾನೇ ಹುಟ್ಟಿದ ಬಳ್ಳಿ ಎಂದಾಗ ಸಿದ್ದಗಂಗಮ್ಮನ ಕೈಯ ಚಾಕು ಒಂದು ಗಳಿಗೆ ನಿಂತಿತು. ಕುಣಿಗಲ್ಲಿನ ತವರಲ್ಲಿ ಅವ್ವ ಹೇಳುತ್ತಿದ್ದಳು: ತಾನಾಗಿ ಹುಟ್ಟಿದ ಬಳ್ಳಿಯ ಕಾಯಿ ಕಹಿ ಇರಬಹುದು, ಸೋರೆಕಾಯಿಯ ತೊಟ್ಟು ಕೊಯ್ದು, ಚೂರು ನಾಲಿಗೆಗೆ ಮುಟ್ಟಿಸದೆ ಹೆಚ್ಚಬೇಡ, ಕಹಿ ಸೋರೆಯ ಹಸಿ ರಸ ವಿಷ, ಒಳಗೆ ಹೋದರೆ ಕರುಳು ಕಿತ್ತು ಬರುತ್ತೆ. ಹಾಗೆ ಮುಟ್ಟಿಸಿ ನೋಡಲು ಪ್ರತಿ ವಾರ ಸೊಸೆ ದೀಪಿಕಾ ಇರುತ್ತಿದ್ದಳು. ಇವತ್ತು ಅವಳಿಗೆ ಜ್ವರ. ಪುಟ್ಟರಂಗಯ್ಯನಿಗೆ ಕೊಡೋಣವೆಂದರೆ ಆ ಬಾಯಿಗೆ ಬೆಲ್ಲವೂ ಒಂದೇ ಸುಣ್ಣವೂ ಒಂದೇ. ಪಕ್ಕದ ಅಂಗಡಿಯವರನ್ನು ಕೇಳಬಹುದಿತ್ತು. ಕೇಳಿದರೆ, ಬಾಯಿಗಿಡದೆ ಹದ ಬಲ್ಲವಳು ಎಂಬ ಹೆಸರೇನಾಗಬೇಕು? ಇಷ್ಟು ಎಳೆ ಕಾಯಿ, ಏನಾಗುತ್ತೆ ಎಂದುಕೊಂಡು ಹೆಚ್ಚಿಯೇಬಿಟ್ಟರು.

ಸಿಪ್ಪೆಯನ್ನು ಹಿಂದೆ ನಿಂತಿದ್ದ ಬೀದಿ ಹಸುವಿಗೆ ಹಾಕಿದರು. ಅದು ಮೂಸಿ, ಬುಸ್ಸೆಂದು ಉಸಿರುಬಿಟ್ಟು, ಮುಖ ತಿರುಗಿಸಿಕೊಂಡು ಹೋಯಿತು. ಹೊಟ್ಟೆ ತುಂಬಿರಬೇಕು ಎಂದುಕೊಂಡರು.

ಶುಂಠಿ, ಪುದೀನ ಹಾಕಿ ರುಬ್ಬಿ ಸೋಸಿ, ನಿಂಬೆಹಣ್ಣು ಹಿಂಡಿದ ಮೇಲೆ ಜ್ಯೂಸು ನೋಡಲು ಚೆಂದವಾಗಿಯೇ ಇತ್ತು. ಜನ ಬಂದರು, ಲೋಟ ಎತ್ತಿಕೊಂಡರು. ಆದರೆ ಇವತ್ತು ಯಾರೂ ಮೇಜಿನೆದುರು ನಿಲ್ಲಲಿಲ್ಲ. ತುಟಿಗೆ ತಾಗಿಸಿ, "ಚೆನ್ನಾಗಿದೆ ಅಮ್ಮ" ಎಂದು, ಲೋಟ ಹಿಡಿದುಕೊಂಡೇ ಪಕ್ಕದ ಗೋಡೆಯ ಹಿಂದಕ್ಕೆ ಸರಿದುಹೋದರು. ಇನ್ನೊಂದು ಕೊಡಿ ಎಂದು ಯಾರೂ ಕೈ ಚಾಚಲಿಲ್ಲ. ಸಿದ್ದಗಂಗಮ್ಮನಿಗೆ ಒಳಗೇ ಅಳುಕು ಶುರುವಾಯಿತು.

ಸಂತೆ ಕರಗುವ ಹೊತ್ತಿಗೆ, ಗುಬ್ಬಿಗೆ ಹೊರಟಿದ್ದ ಚನ್ನವೀರಯ್ಯ ಸ್ಕೂಟರ್ ನಿಲ್ಲಿಸಿ ಬಂದರು. ದೊಡ್ಡ ಲೋಟವನ್ನು ಒಂದೇ ಉಸಿರಿಗೆ ಖಾಲಿ ಮಾಡಿದರು. ಕಣ್ಣಲ್ಲಿ ನೀರಾಡಿತು. ಸುತ್ತ ನಿಂತವರನ್ನು ಒಮ್ಮೆ ನೋಡಿ, "ಬಲು ಚೆನ್ನಾಗಿದೆ ಕಣೇ. ಇನ್ನೊಂದು ಲೋಟ ಕೊಡು," ಎಂದರು.

ಮದುವೆಯಾದಾಗಿನಿಂದ ಆ ಬಾಯಲ್ಲಿ ಕೇಳದ ಮಾತು. ಸಿದ್ದಗಂಗಮ್ಮನ ಅಳುಕೆಲ್ಲ ಹಾರಿಹೋಯಿತು. ಸಂತೋಷದ ಭರದಲ್ಲಿ ಎರಡನೇ ಲೋಟವನ್ನು ತುಳುಕುವಂತೆ ತುಂಬಿದರು. ಅದನ್ನೂ ಕುಡಿದು ಅವರು ಗುಬ್ಬಿಯ ಕಡೆ ಹೋದರು.

ಸಂತೆ ಖಾಲಿಯಾಯಿತು. ಸಿದ್ದಗಂಗಮ್ಮ ಕೈಕಾಲು ತೊಳೆದು, ಮೇಜಿನ ಹಿಂದೆ ಕೂತು, ಲಿಂಗವನ್ನು ಅಂಗೈಯಲ್ಲಿಟ್ಟು ಪೂಜೆ ಮುಗಿಸಿದರು. ಆಮೇಲೆ ಉಳಿದಿದ್ದ ಜ್ಯೂಸನ್ನು ಬಾಯಿಗಿಟ್ಟರು.

ಕಹಿ. ಹಾಗಲಕಾಯಿಯ ಕಹಿಯಲ್ಲ, ನಾಲಿಗೆಯನ್ನೇ ಸುಟ್ಟು ಗಂಟಲು ಹಿಂಡುವ ಕಹಿ. ಥೂ ಎಂದು ಉಗಿದು, ಬಾಯಿ ಮುಕ್ಕಳಿಸಲು ಗೋಡೆಯ ಹಿಂದಿನ ನಲ್ಲಿಗೆ ಓಡಿದರು. ಅಲ್ಲಿ ಗೋಡೆಯುದ್ದಕ್ಕೂ ಲೋಟಗಳು. ಎಲ್ಲವೂ ತುಂಬಿದ್ದವು. ಹಸಿದು ಸೇವೆ ಮಾಡುವ ತಾಯಿಯ ಮನಸ್ಸು ನೋಯಿಸಬಾರದೆಂದು ಜನ ಸದ್ದಿಲ್ಲದೆ ಇಟ್ಟು ಹೋಗಿದ್ದರು. ಕುಡಿದವರು ಒಬ್ಬರೇ.

ಫೋನು ಎಷ್ಟೋ ಹೊತ್ತು ಬಡಿದುಕೊಂಡ ಮೇಲೆ ಚನ್ನವೀರಯ್ಯ ಎತ್ತಿದರು. ದನಿ ತಗ್ಗಿತ್ತು. "ಮಲ್ಲಸಂದ್ರದ ಹತ್ರ ಗಾಡಿ ನಿಲ್ಸಿದೀನಿ ಕಣೇ. ವಾಂತೀಲಿ ರಕ್ತ ಬರ್ತಿದೆ."

"ಅಯ್ಯೋ ಶಿವನೇ! ಕಹಿ ಅಂತ ಒಂದು ಮಾತು ಹೇಳಬಾರ್ದಿತ್ತೇನ್ರೀ?"

ಅತ್ತ ನಗಲು ಹೋಗಿ ಕೆಮ್ಮಿದ ಸದ್ದು. "ನೀನೇ ಅಲ್ವೇನೇ... ಹಳೀಬೇಡಿ ಅಂದಿದ್ದು."

ಆಮೇಲೆ ಫೋನು ನೆಲಕ್ಕೆ ಬಿದ್ದ ಸದ್ದಾಯಿತು. ಸಿದ್ದಗಂಗಮ್ಮ "ರೀ, ರೀ" ಎಂದು ಕೂಗುತ್ತಲೇ ಇದ್ದರು. ಅತ್ತಲಿಂದ ಲಾರಿಗಳು ಹಾದುಹೋಗುವುದು ಮಾತ್ರ ಕೇಳುತ್ತಿತ್ತು.