ಅದಲುಬದಲಾದ ಫ್ಯಾನು

ಟಾರ್ಚನ್ನು ಹಲ್ಲಲ್ಲಿ ಕಚ್ಚಿಕೊಂಡು ರಿಪೇರಿಯವನು ಕಂಪ್ಯೂಟರಿನ ಹೊಟ್ಟೆಯೊಳಗೆ ಬಗ್ಗಿದ್ದ. ಪ್ರೊಸೆಸರ್ ಮೇಲಿನ ಪುಟ್ಟ ಫ್ಯಾನನ್ನು ಬೆರಳಿನಿಂದ ತಳ್ಳಿದ. ಅದು ಅರ್ಧ ಸುತ್ತು ಬಂದು, ಮುನಿಸಿಕೊಂಡ ಅಳಿಯನ ಹಾಗೆ ಮುಖ ತಿರುಗಿಸಿ ನಿಂತಿತು. ಅದರ ವೈರಿನ ಜಾಡು ಹಿಡಿದು ಅವನ ಬೆರಳು ಮದರ್‌ಬೋರ್ಡಿನ ಅಂಚಿಗೆ ಬಂದು ಥಟ್ಟನೆ ನಿಂತಿತು. ಪ್ರೊಸೆಸರ್ ಫ್ಯಾನಿಗೆಂದೇ ಮೀಸಲಿದ್ದ ಪಿನ್ನಿನಲ್ಲಿ ಕೂತಿದ್ದದ್ದು ಪೆಟ್ಟಿಗೆಯ ಹಿಂಬದಿಯ ದೊಡ್ಡ ಫ್ಯಾನಿನ ವೈರು. ಚಿಕ್ಕದರ ವೈರು ದೊಡ್ಡದರ ಜಾಗದಲ್ಲಿತ್ತು.

ಯಾರು ಹಾಕಿದ್ದೆಂದು ಹುಡುಕಬೇಕಿರಲಿಲ್ಲ. ಮೂರು ವಾರದ ಹಿಂದೆ ಅವನೇ ಹಾಕಿದ್ದ.

ಆ ದಿನ ಪೆಟ್ಟಿಗೆ ಗಳಿಗೆಗೊಮ್ಮೆ ಕಿರುಚುತ್ತಿತ್ತು. ಚಿಕ್ಕ ಫ್ಯಾನು ನಿಧಾನವಾಗಿದೆಯೆಂದು ಬೋರ್ಡಿನ ದೂರು. ಹೊಸದು ಅವನ ಚೀಲದಲ್ಲಿರಲಿಲ್ಲ. "ಮೊದ್ಲು ಇದರ ಬಾಯಿ ಮುಚ್ಚಿಸಪ್ಪ, ತಲೆ ಸಿಡೀತಿದೆ" ಎಂದು, ಕೋಳಿಮೊಟ್ಟೆಗೆ ಕಾವು ಕೊಟ್ಟು ಮರಿ ಮಾಡಿಸುವ ಆ ಹ್ಯಾಚರಿಯ ಯಜಮಾನರು ಕಿವಿ ಮುಚ್ಚಿಕೊಂಡು ನಿಂತಿದ್ದರು. ಬೋರ್ಡು ಕಣ್ಣಿಟ್ಟು ಕಾಯುವುದು ಆ ಒಂದು ಪಿನ್ನನ್ನು. ಜೋರಾಗಿ ತಿರುಗುವ ಫ್ಯಾನನ್ನು ಅಲ್ಲಿ ಚುಚ್ಚಿಬಿಟ್ಟರೆ ಅದಕ್ಕೆ ಲೋಕವೆಲ್ಲ ಕ್ಷೇಮ. ಅವನ ಕಸುಬಿನಲ್ಲಿ ಅನೇಕರು ಮಾಡುವ ಉಪಾಯ. ಬರುವ ವಾರ ಹೊಸ ಫ್ಯಾನು ಹಾಕಿದರಾಯಿತು ಎಂದುಕೊಂಡಿದ್ದ. ಬರುವ ವಾರ ಎಂಬುದು ಮನೆಯ ಅಟ್ಟವಿದ್ದಂತೆ, ಎತ್ತಿಟ್ಟದ್ದು ಕೆಳಗಿಳಿಯುವುದಿಲ್ಲ.

ನಿನ್ನೆ, ಭಾನುವಾರ ಮಧ್ಯಾಹ್ನ, ಚಿಕ್ಕ ಫ್ಯಾನು ಪೂರ್ತಿ ನಿಂತುಹೋಗಿತ್ತು. ದೊಡ್ಡದು ತಿರುಗುತ್ತಲೇ ಇದ್ದುದರಿಂದ ಬೋರ್ಡಿಗೆ ಅನುಮಾನ ಬರಲಿಲ್ಲ. ಪ್ರೊಸೆಸರ್ ಕಾದು ಕಾದು ಕಂಪ್ಯೂಟರ್ ತಾನೇ ಆರಿತು. ಅದು ನಡೆಸುತ್ತಿದ್ದ ಕಾವಿನ ಕೋಣೆಗಳೂ ತಣ್ಣಗಾದವು. ಇನ್ನೆರಡು ದಿನದಲ್ಲಿ ಮರಿಯಾಗಬೇಕಿದ್ದ ಹನ್ನೆರಡು ಸಾವಿರ ಮೊಟ್ಟೆಗಳನ್ನು ಈಗ ಕಿಟಕಿಯಾಚೆ ಕೆಲಸದವರು ಟ್ರೇಗಟ್ಟಲೆ ಗುಂಡಿಗೆ ಸುರಿಯುತ್ತಿದ್ದರು.

"ಏನಾದ್ರೂ ಸಿಕ್ತಾ ಮಗಾ?"

ಬಾಗಿಲಲ್ಲಿ ಕಾವಲುಗಾರ ನಿಂತಿದ್ದ. ಯಾರ ದನಿಯನ್ನಾದರೂ ಹಾಗೇ ಅನುಕರಿಸುತ್ತಿದ್ದ ಅವನನ್ನು ಎಲ್ಲರೂ ರೇಡಿಯೋ ತಾತ ಎನ್ನುತ್ತಿದ್ದರು. ಭಾನುವಾರ ಇಡೀ ಹ್ಯಾಚರಿಗೆ ಅವನೊಬ್ಬನೇ.

"ನೋಡ್ತಿದೀನಿ ತಾತ."

"ಪೆಟ್ಟಿಗೆ ಕೂಗಿದ್ರೆ ಫೋನ್ ಮಾಡು ಅಂತ ನಂಗೆ ಹೇಳಿರೋದು. ಅದರ ಕೂಗು ನಂಗೆ ಗೊತ್ತಿಲ್ವಾ? ಕೀಂ... ಕೀಂ... ಕೀಂ..." ಎಷ್ಟು ತದ್ರೂಪವೆಂದರೆ ರಿಪೇರಿಯವನ ಕೈ ಸ್ವಿಚ್ಚಿನತ್ತ ಹೋಯಿತು. "ನನ್ನ ಹೆಂಡ್ತಿ ಕೂಗಿಗೂ ಅಷ್ಟು ಬೇಗ ಎದ್ದೋನಲ್ಲ ನಾನು. ನಿನ್ನೆ ಇದು ಉಸಿರೇ ಬಿಡಲಿಲ್ಲ. ಯಜಮಾನ್ರು ಏನಂತಾರೆ ಗೊತ್ತಾ?" ಗಂಟಲು ದಪ್ಪ ಮಾಡಿದ. "'ನಿನ್ನ ಗೊರಕೇಲಿ ಅಲಾರಂ ಮುಳುಗಿಹೋಯ್ತಲ್ಲೋ!'"

ತಾನೇ ನಕ್ಕ. ನಗು ಅರ್ಧಕ್ಕೇ ನಿಂತಿತು.

"ನೀನೊಂದು ಮಾತು ಹೇಳು. ಪೆಟ್ಟಿಗೆ ಕೂಗಿಲ್ಲ ಅಂತ. ಅಷ್ಟು ಸಾಕು. ಮಗಳು, ಮೊಮ್ಮಗು ನನ್ನ ಜೊತೇಲೇ ಇದಾರೆ. ಈ ವಯಸ್ಸಲ್ಲಿ ಇನ್ಯಾರು ಕೆಲ್ಸ ಕೊಡ್ತಾರೆ?"

ರಿಪೇರಿಯವನು ಮತ್ತೆ ಪೆಟ್ಟಿಗೆಗೆ ಬಗ್ಗಿದ. ಎರಡೂ ವೈರುಗಳನ್ನು ಕಿತ್ತು, ದೊಡ್ಡ ಫ್ಯಾನಿನದನ್ನು ಅದರ ಜಾಗಕ್ಕೆ ಚುಚ್ಚಿದ. ಈ ಸಲ ಚೀಲದಲ್ಲಿ ಹೊಸ ಫ್ಯಾನಿತ್ತು. ಅದನ್ನು ಕೂರಿಸಿ, ವೈರನ್ನು ಮೀಸಲು ಪಿನ್ನಿಗೆ ಒತ್ತಿದ. ಹೊಸ ಬಿಳಿ ಪ್ಲಾಸ್ಟಿಕ್ಕು ಟಕ್ಕೆಂದು ಕೂತಿತು. ಈಗ ಎಲ್ಲವೂ ಇರಬೇಕಾದಲ್ಲಿ ಇದ್ದವು.

ಯಜಮಾನರು ಒಳಗೆ ಬಂದರು. ಬೂಟಿಗೆ ಹಳದಿ ಲೋಳೆ ಮೆತ್ತಿತ್ತು.

"ಏನಾಗಿತ್ತು?"

"ಪ್ರೊಸೆಸರ್ ಫ್ಯಾನು ನಿಂತೋಗಿತ್ತು ಸಾರ್. ಬದಲಾಯಿಸ್ದೆ."

"ತಪ್ಪು ಯಾರದ್ದೇ ಆಗ್ಲಿ, ಅವನಿಗೆ ಈ ಊರಲ್ಲಿ ಇನ್ನೊಂದು ಕೆಲ್ಸ ಸಿಗದಂಗೆ ಮಾಡ್ತೀನಿ. ಫ್ಯಾನು ನಿಂತ್ರೆ ಇದು ಕೂಗುತ್ತೋ ಇಲ್ವೋ? ಅದನ್ನ ಹೇಳು."

ಹೊರಗೆ ಇನ್ನೊಂದು ಟ್ರೇ ಗುಂಡಿಗೆ ಬಿತ್ತು.

"ಕೂಗುತ್ತೆ ಸಾರ್."

"ಕೂಗಿಸು, ನೋಡೋಣ."

ಅವನು ಸ್ವಿಚ್ಚು ಒತ್ತಿ, ಹೊಸ ಫ್ಯಾನಿನ ವೈರನ್ನು ಪಿನ್ನಿನಿಂದ ಎಳೆದ. ಪೆಟ್ಟಿಗೆ ಕಿರುಚಿತು. ಕೋಣೆಯ ತಗಡಿನ ಗೋಡೆಗಳೆಲ್ಲ ಅದರ ಜೊತೆ ಕಿರುಚಿದವು.

"ಈಗ ಕೇಳಿಸ್ತೇನೋ?" ಯಜಮಾನರು ಬಾಗಿಲ ಕಡೆ ತಿರುಗಿದರು. "ಈಗಾದ್ರೂ ಕೇಳಿಸ್ತಾ?"

ಮುದುಕ ಅವರ ಕಡೆ ನೋಡಲೇ ಇಲ್ಲ. ರಿಪೇರಿಯವನನ್ನೇ ನೋಡುತ್ತಿದ್ದ. ಬಾಯಿ ತೆರೆದ, ಅಷ್ಟೊಂದು ದನಿಗಳಿದ್ದ ಗಂಟಲಿನಿಂದ ಒಂದೂ ಹೊರಡಲಿಲ್ಲ. ರಿಪೇರಿಯವನು ವೈರನ್ನು ವಾಪಸು ಚುಚ್ಚಿ, ಪೆಟ್ಟಿಗೆಯ ಮುಚ್ಚಳದ ನಾಲ್ಕೂ ತಿರುಪುಗಳನ್ನು ಒಂದೊಂದಾಗಿ, ಬೇಕಾದ್ದಕ್ಕಿಂತ ಬಿಗಿಯಾಗಿ ತಿರುಗಿಸುತ್ತ ಕೂತ.

"ಯೂನಿಫಾರಂ ಬಿಚ್ಚಿಟ್ಟು ಹೋಗು" ಎಂದರು ಯಜಮಾನರು.

ರಿಪೇರಿಯವನು ಚೀಲ ಹೆಗಲಿಗೇರಿಸಿ ಹೊರಬಂದಾಗ, ಮಡಿಸಿದ ಖಾಕಿ ಅಂಗಿ ಕಾವಲುಗಾರನ ಕುರ್ಚಿಯ ಮೇಲಿತ್ತು. ಗೇಟು ಹಾಕಿತ್ತು. ಬೈಕು ನಿಲ್ಲಿಸಿ ಇಳಿಯುವಷ್ಟರಲ್ಲಿ, ಗೋಡೆಯ ನೆರಳಲ್ಲಿ ಕೂತಿದ್ದ ಮುದುಕ ಎದ್ದ. ಮೈಮೇಲೆ ಬರಿಯ ಬನಿಯನ್, ಕಂಕುಳಲ್ಲಿ ಊಟದ ಡಬ್ಬಿ. ಡಬ್ಬಿಯನ್ನು ನೆಲಕ್ಕಿಟ್ಟು, ಚಿಲಕ ಸರಿಸಿ, ಗೇಟಿನ ಎರಡೂ ಬಾಗಿಲುಗಳನ್ನು ಪೂರ್ತಿ ತೆರೆದು ಪಕ್ಕಕ್ಕೆ ನಿಂತ.

ಬೈಕು ದಾಟುವಾಗ ಕೈಯೆತ್ತಿ ಸಲಾಮು ಹೊಡೆದ.