ಸೈತಾನನಿಗೆ ಕೊಟ್ಟ ಮುಖ

ಚರ್ಚಿನ ಸಾವಿನ ಗಂಟೆ ಮೂರು ಸಲ ಬಡಿದು ನಿಂತಿತು, ಮೂರೆಂದರೆ ಗಂಡಸು, ಹೆಂಗಸಾದರೆ ಎರಡು, ಯಾರಿರಬಹುದೆಂದು ಬಟಾಣಿ ಸುಲಿಯುತ್ತಲೇ ಇದ್ದೆ, ಬಾಗಿಲಲ್ಲಿ ಚರ್ಚು ಗುಡಿಸುವ ಜೂಡಿತ್ತಾ ಬಂದು ನಿಂತು ಹೇಳಿದಳು, ಎರ್ಸೀಲಿಯಕ್ಕಾ, ನಿಮ್ಮ ತಮ್ಮ ಓರೆಸ್ತೆ ಹೋಗ್ಬಿಟ್ಟ, ಬೆಳಿಗ್ಗೆ ಆಲಿವ್ ಮರ ಸವರ್ತಾ ಇದ್ನಂತೆ, ಏಣಿ ಪಕ್ಕದಲ್ಲೇ ಕೂತವನು ಏಳಲಿಲ್ಲ, ನಾಳೆ ಹತ್ತಕ್ಕೆ ಪೆಟ್ಟಿಗೆ ಚರ್ಚಿಗೆ ತರ್ತಾರೆ — ತಂದು ಆ ಗೋಡೆಯ ಕೆಳಗೇ ಇಡುತ್ತಾರೆ, ಬೇರೆ ಜಾಗವೆಲ್ಲಿದೆ, ಗೋಡೆಯ ಮೇಲೆ ಅಂತಿಮ ತೀರ್ಪಿನ ಚಿತ್ರ, ಅದರ ಮೂಲೆಯಲ್ಲಿ ಸೈತಾನ, ಅವನಿಗೆ ನನ್ನ ತಮ್ಮನ ಮುಖ, ಬರೆದವಳು ನಾನೇ.

ಸ್ಪಂಜು, ನೀರಿನ ಚೊಂಬು ಹಿಡಿದು ಚರ್ಚಿಗೆ ಹೊರಟೆ, ಈ ಇಳಿಜಾರಿನಲ್ಲಿ ಮಂಡಿ ಮಾತು ಕೇಳುವುದಿಲ್ಲ, ಹಳೆಯ ಭಿತ್ತಿಚಿತ್ರಗಳನ್ನು ನಲವತ್ತು ವರ್ಷ ರಿಪೇರಿ ಮಾಡಿದ ಕೈ ಇದು, ಸೈತಾನನನ್ನು ಎಷ್ಟು ರೂಪದಲ್ಲಿ ತೊಳೆದಿಲ್ಲ, ಮೊದಮೊದಲು ಅವನೂ ದೇವದೂತನೇ, ಪಾಪಿಗಳೆಂದು ಬರೆದ ಆಡುಗಳ ಹಿಂದೆ ಸುಮ್ಮನೆ ನಿಂತ ನೀಲಿ ಮೈಯ ಚೆಲುವ, ಆಮೇಲೆ ಕೊಂಬು ಬಂತು, ಗೊರಸು ಬಂತು, ಬಾವಲಿಯ ರೆಕ್ಕೆ, ಹೊಟ್ಟೆಯಲ್ಲೊಂದು ಬಾಯಿ, ಇನ್ನೂ ಈಚೆಗೆ ಮತ್ತೆ ಚೆಲುವನಾದ, ಬೇಸರದ ಕಣ್ಣಿನವನು, ಆಯಾ ಕಾಲದವರು ಯಾರಿಗೆ ಹೆದರಿದರೋ ಅವರ ಮುಖ, ನಾನಂತೂ ಹೆದರಿರಲಿಲ್ಲ, ಸಿಟ್ಟಾಗಿದ್ದೆ. ನಮ್ಮ ಗೋಡೆಯವನಿಗೆ ಕೊಂಬಿತ್ತು, ಮುಖವಿರಲಿಲ್ಲ, ಪೂಜೆ ಮುಗಿಸಿ ಹೋಗುವ ಹೆಂಗಸರು ಮನೆಯ ಬೀಗದಕೈಯಿಂದ ಅವನ ಕಣ್ಣು ಗೀರಿ ಹೋಗುತ್ತಾರೆ, ನಾನೂರು ವರ್ಷದ ರೂಢಿ, ಗಾರೆ ಮಾತ್ರ ಉಳಿದಿತ್ತು, ಅಳಿದುಹೋದುದನ್ನು ಊಹಿಸಿ ಬರೆಯಬಾರದು, ಸಣ್ಣ ಗೆರೆಗಳಿಂದ ತುಂಬಿ ಬಿಡಬೇಕು, ಅದು ನಮ್ಮ ಕಸುಬಿನ ನಿಯಮ, ಆದರೆ ನಾನು ಈ ಗೋಡೆಯ ಕೆಲಸ ಹಿಡಿದ ಚಳಿಗಾಲ ಅಮ್ಮ ಮೂರು ದಿನ ಓರೆಸ್ತೆ ಓರೆಸ್ತೆ ಎಂದು ಕರೆದು ಸತ್ತಿದ್ದಳು, ಅವಳನ್ನು ಮಣ್ಣು ಮಾಡಿದ ಮರುದಿನ ಅವನು ಬಂದ, ಟೋಪಿ ಕೈಯಲ್ಲಿ, ಅಕ್ಕಾ ಒಂದು ಮಾತು ಕೇಳು, ಏನೂ ಹೇಳ್ಬೇಡ ನೀನು ಎಂದು ನಾನು ಬಾಗಿಲು ಹಾಕಿದೆ, ಆ ಸಿಟ್ಟಿನಲ್ಲೇ ಗೋಡೆಯ ಮೇಲೆ ಅವನ ಮುಖ ಬರೆದೆ, ಯಾಕೆ ಬರಲಿಲ್ಲವೆಂದು ಇವತ್ತಿಗೂ ಗೊತ್ತಿಲ್ಲ, ಇನ್ನು ಗೊತ್ತಾಗುವುದೂ ಇಲ್ಲ.

ಚರ್ಚು ತಣ್ಣಗಿದೆ. ಈ ಮುಖವನ್ನು ಮೊದಲ ಸಲ ನೋಡಿ ಓರೆಸ್ತೆ ನಕ್ಕಿದ್ದ, ಕೊಂಬೇನೋ ಒಪ್ಪುತ್ತೆ ಅಕ್ಕಾ, ಮೂಗು ಸ್ವಲ್ಪ ಚಿಕ್ಕದು ಮಾಡಬಾರದಿತ್ತಾ, ಅಳಿಸು ಎನ್ನಲಿಲ್ಲ, ಹನ್ನೊಂದು ವರ್ಷ ಅದರ ಕೆಳಗಿನ ಬೆಂಚಿನಲ್ಲೇ ಕೂತ, ಓರೆಸ್ತೆ, ಇವತ್ತು ನಿನ್ನ ಎಡಗಣ್ಣು ತೆಗ್ದೆ ನೋಡೋ ಎಂದು ಹೆಂಗಸರು ಬೀಗದಕೈ ಆಡಿಸಿದರೆ, ಬಲಗಣ್ಣು ಬಿಟ್ಟಿರ್ರಮ್ಮಾ, ನಿಮ್ಮನ್ನ ನೋಡೋಕೆ ಬೇಕಲ್ಲ ಎನ್ನುತ್ತಿದ್ದ, ಎಲ್ಲರಿಗೂ ನಗು, ನಾನು ಮಾತ್ರ ನಗದೆ ಸೋಮವಾರ ಬಂದು, ಯಾರಿಗೂ ಹೇಳದೆ, ಕಿತ್ತ ಕಣ್ಣಿಗೆ ಮತ್ತೆ ಬಣ್ಣ ತುಂಬುತ್ತಿದ್ದೆ, ಒಂದು ಸಲವಲ್ಲ, ವರ್ಷಕ್ಕೆ ನಾಲ್ಕೈದು ಸಲ, ಮತ್ತೆ ಗೀರಲೆಂದೇ, ಗೀರಿದವರು ಅವರು, ಗೀರಲು ಕಣ್ಣು ಕೊಟ್ಟವಳು ನಾನು. ಈಗ ಒದ್ದೆ ಸ್ಪಂಜನ್ನು ಆ ಮುಖಕ್ಕೆ ಒತ್ತಿದೆ, ನೀರುಬಣ್ಣ, ಬೇಕಾದಾಗ ಹೋಗಲೆಂದೇ ಹಾಕುವುದು, ಹಣೆ ಹೋಯಿತು, ಅಮ್ಮನಂಥ ಗಲ್ಲ ಹೋಯಿತು, ಆ ಮೂಗು ಹೋಯಿತು, ಕಂದು ನೀರು ಮೊಣಕೈವರೆಗೆ ಇಳಿಯಿತು, ಎಡಗಣ್ಣು ಹೋಗುತ್ತಿಲ್ಲ, ಬೀಗದಕೈ ಕೊರೆದ ಗೀರಿನಾಳಕ್ಕೆ ಬಣ್ಣ ಇಳಿದು ಕೂತಿದೆ, ಉಜ್ಜಿದೆ, ಉಗುರಿನಿಂದ ಕೆರೆದೆ — ಕೆರೆಯುತ್ತಿದ್ದೇನೆ, ನಾನೂ ಅದನ್ನೇ ಗೀರುತ್ತಿದ್ದೇನೆ, ಕೈ ನಿಂತಿತು, ಕಣ್ಣು ಅಲ್ಲೇ ಇದೆ, ಒದ್ದೆಯಾಗಿ, ಮುಖವಿಲ್ಲದೆ, ನನ್ನನ್ನೇ ನೋಡುತ್ತ — ಕರ್ತನೇ, ನಿನ್ನ ತೀರ್ಪಿನಲ್ಲಿ ನಾನು ಬರೆದದ್ದನ್ನು ಓದಬೇಡ, ಓರೆಸ್ತೆಗೆ ನಿನ್ನ ಮುಖ ತೋರಿಸು, ಅವನಿಗೆ ಶಾಂತಿ ಕೊಡು.