ಇಳಿಜಾರು ಹುಡುಕಿದ ಮನೆ

ನನ್ನ ರಸಮಟ್ಟದ ಗಾಜಿನ ನಳಿಗೆಯೊಳಗೆ ಕಡಲೆಕಾಳಿನಷ್ಟು ಒಂದು ಗಾಳಿಗುಳ್ಳೆ ಇತ್ತು. ಅದು ಎರಡು ಗೆರೆಗಳ ನಡುವೆ ಬಂದು ನಿಂತರೆ ಹಲಗೆ ಮಟ್ಟವಾಗಿದೆ ಎಂದರ್ಥ. "ಮನುಷ್ಯರು ಸುಳ್ಳಾಡ್ಬೋದು, ಗುಳ್ಳೆ ಆಡಲ್ಲ" ಎಂದು ಹೇಳಿ ಅಪ್ಪ ಅದನ್ನು ನನ್ನ ಕೈಗಿತ್ತಿದ್ದ. ಮೂವತ್ತು ವರ್ಷ ಊರಿನ ಬಾಗಿಲು, ಕಿಟಕಿ, ತೊಲೆಗಳನ್ನು ನಿಲ್ಲಿಸಿದ ನಾನು ಆ ಮಾತನ್ನು ಒಂದು ದಿನವೂ ಅನುಮಾನಿಸಿದವನಲ್ಲ. ನನ್ನ ಜಂಬಕ್ಕೆಲ್ಲ ಅದೇ ಆಧಾರ. ಊರೆದುರು ನನ್ನ ಮಾನ ಹೋದದ್ದೂ ಅದರಿಂದಲೇ.

ಸಾಕಮ್ಮ ನಮ್ಮೂರ ಶಾಲೆಯ ಬಸ್ಸಿನಲ್ಲಿ ಆಯಾ ಆಗಿದ್ದವಳು. ಆಕೆಯ ಗಂಡ ಚೆಲುವಯ್ಯ ಅದೇ ಬಸ್ಸಿನ ಡ್ರೈವರು. ಮಕ್ಕಳನ್ನು ಹತ್ತಿಸಿಕೊಂಡು ಆಕೆ ತಗಡಿಗೆ ಎರಡು ಸಲ ಬಡಿದರೆ ಬಸ್ಸು ಹೊರಡಬೇಕು, ಒಂದು ಸಲ ಬಡಿದರೆ ನಿಲ್ಲಬೇಕು. ಬಸ್ಸಿನಲ್ಲಿ ಇಷ್ಟೆಲ್ಲ ದರ್ಬಾರು ನಡೆಸಿದ ಹೆಂಗಸಿಗೆ ಊರಿನಲ್ಲಿ ಸ್ವಂತದ್ದೊಂದು ಸೂರಿರಲಿಲ್ಲ. ಹನ್ನೊಂದು ಬಾಡಿಗೆ ಮನೆಗಳನ್ನು ಬಿಟ್ಟಿದ್ದಳು. ಒಬ್ಬರಿಗೆ ಮಗಳ ಬಾಣಂತನಕ್ಕೆ ಮನೆ ಬೇಕಾಯಿತು. ಇನ್ನೊಬ್ಬರಿಗೆ ಈಕೆ ಬಾವಿಯಿಂದ ಎರಡು ಕೊಡ ಹೆಚ್ಚು ಸೇದಿದಳೆಂದು ಹೊಟ್ಟೆಯುರಿ. ಮತ್ತೊಬ್ಬರು ಕಾರಣ ಹೇಳುವ ಕಷ್ಟವನ್ನೂ ತೆಗೆದುಕೊಳ್ಳಲಿಲ್ಲ. ಶಾಲೆಯವರು ಹಳೆಯ ಬಸ್ಸನ್ನು ಗುಜರಿಗೆ ಹಾಕಲು ಹೊರಟಾಗ ಚೆಲುವಯ್ಯ ಅದನ್ನು ಕೇಳಿ ಪಡೆದ. ಮರುದಿನವೇ ಸಾಕಮ್ಮ ನನ್ನ ಅಂಗಡಿಗೆ ಬಂದಳು.

"ಆಚಾರ್ರೇ, ನಂಗೊಂದು ಮನೆ ಮಾಡ್ಕೊಡಿ. ಖಾಲಿ ಮಾಡು ಅಂತ ಯಾರೂ ಹೇಳಬಾರ್ದು, ಅಂಥದ್ದು."

ಅಕ್ಕಿ ಗಿರಣಿಯ ಪರಮೇಶಪ್ಪ ತನ್ನ ಗಿರಣಿಯ ಹಿಂದಿನ ಬಯಲಿನಲ್ಲಿ ಬಸ್ಸು ನಿಲ್ಲಿಸಿಕೊಳ್ಳಲು ಒಪ್ಪಿದ. "ಇದೆಲ್ಲಿ ಹೊರಡುತ್ತೆ ಬಿಡಿ. ಕೊನೆಗೆ ನನ್ನ ಕೋಳಿಗೂಡಿಗಾದ್ರೂ ಆಗುತ್ತೆ" ಎಂದು ನಕ್ಕ. ನಾನು ನಾಲ್ಕು ತಿಂಗಳು ಅಲ್ಲೇ ಬೀಡುಬಿಟ್ಟೆ. ಸೀಟುಗಳನ್ನೆಲ್ಲ ಕಿತ್ತೆ. ಬಾಗಿಲ ಬಳಿಯ ಒಂದನ್ನು ಮಾತ್ರ ಮುಟ್ಟಲು ಸಾಕಮ್ಮ ಬಿಡಲಿಲ್ಲ. ಅದು ಆಕೆ ಇಪ್ಪತ್ತು ವರ್ಷ ಕೂತ ಜಾಗ. ಹಿಂದಕ್ಕೆ ಮಂಚ, ಅದರಡಿ ಪೆಟ್ಟಿಗೆ, ಕಿಟಕಿಗಳ ಕೆಳಗೆ ಗೂಡು, ನಡುವೆ ಒಲೆಯ ಹಲಗೆ. ಪ್ರತಿಯೊಂದಕ್ಕೂ ರಸಮಟ್ಟ ಇಟ್ಟೇ ಮೊಳೆ ಹೊಡೆದೆ. ಗುಳ್ಳೆ ನಡುವಿನಿಂದ ಕದಲಲಿಲ್ಲ. ಚೆಲುವಯ್ಯ ಎಂಜಿನ್ನಿನ ಕೆಳಗೆ ಅಂಗಾತ ಮಲಗಿ ತನ್ನ ಪಾಡಿಗೆ ತಾನು ಏನೋ ಬಿಗಿಯುತ್ತಿದ್ದ.

ಹಾಲು ಉಕ್ಕಿಸುವ ಹಿಂದಿನ ದಿನ ಪರಮೇಶಪ್ಪ ಬಂದ. "ಇಲ್ಲೊಂದು ಗೋಡೌನು ಕಟ್ಟಿಸ್ತಿದೀನಿ. ವಾರದೊಳಗೆ ಜಾಗ ಖಾಲಿ ಮಾಡಿ" ಎಂದ.

ಮೆಟ್ಟಿಲ ಮೇಲೆ ಅಕ್ಕಿ ಆರಿಸುತ್ತಿದ್ದ ಸಾಕಮ್ಮನ ಕೈ ನಿಂತಿತು. ಆಕೆ ಆ ಮಾತು ಕೇಳುತ್ತಿದ್ದುದು ಹನ್ನೆರಡನೆಯ ಸಲ. ಆಮೇಲೆ ಮೊರದಿಂದ ಒಂದು ಕಲ್ಲು ಹೆಕ್ಕಿ ಎಸೆದು ನಕ್ಕಳು.

"ವಾರ ಯಾಕೆ ಯಜಮಾನ್ರೇ, ನಾಳೆ ಬೆಳಿಗ್ಗೆನೇ ಹೊರಡ್ತೀವಿ. ಈ ಸಲ ಸಾಮಾನು ಹೊರೋ ಕೆಲಸಾನೂ ಇಲ್ಲ."

ಬೆಳಿಗ್ಗೆ ಊರೇ ನೆರೆಯಿತು. ಸಾಕಮ್ಮ ತಗಡಿಗೆ ಎರಡು ಸಲ ಬಡಿದಳು. ಎಂಜಿನ್ನು ಕೆಮ್ಮಿ, ಹೊಗೆಯುಗುಳಿ, ಮೂರನೆಯ ಯತ್ನಕ್ಕೆ ಚಾಲೂ ಆಯಿತು. ಬಸ್ಸು ಶಾಲೆಯ ಮೈದಾನಕ್ಕೆ ಹೋಗಿ ನಿಂತಾಗ ನನ್ನ ಕಾಲು ನೆಲದ ಮೇಲಿರಲಿಲ್ಲ. ಗಂಟು ಬಿಚ್ಚಿ ಪಾತ್ರೆಗಳನ್ನು ಗೂಡಿನಲ್ಲಿ ಜೋಡಿಸಿದರು. ಒಂದು ಲೋಟ ಉರುಳಿತು. ಅದರ ಹಿಂದೆ ಇನ್ನೊಂದು. ಅಷ್ಟರಲ್ಲಿ ಸಾಕಮ್ಮ ಒಲೆಯ ಮೇಲಿಟ್ಟ ಪಾತ್ರೆಗೆ ಅಂಚಿನತನಕ ಹಾಲು ಸುರಿದಿದ್ದಳು. ಅದು ಒಂದೇ ಮಗ್ಗುಲಿಗೆ ಹರಿದು ಹಲಗೆಯಿಂದ ಕೆಳಗೆ ಸುರಿಯಿತು.

"ಉಕ್ಕೋಕೆ ಮುಂಚೆನೇ ಚೆಲ್ತಲ್ಲಮ್ಮ" ಎಂದ ಪರಮೇಶಪ್ಪ, ಎಲ್ಲರಿಗೂ ಕೇಳುವಂತೆ. "ಇದು ಮನೆ ಆಗೋ ಲಕ್ಷಣ ಅಲ್ಲ."

ಹಲಗೆಯ ಮೇಲೆ ರಸಮಟ್ಟ ಇಟ್ಟು ನೋಡಿದೆ. ಗುಳ್ಳೆ ಮೂಲೆಗೆ ಓಡಿಹೋಗಿತ್ತು. ಆಗ ತಿಳಿಯಿತು. ಗಿರಣಿಯ ಬಯಲು ಒಂದು ಮಗ್ಗುಲಿಗೆ ಇಳಿಜಾರು. ನಾಲ್ಕು ತಿಂಗಳು ಬಸ್ಸು ಓರೆಯಾಗಿ ನಿಂತಿತ್ತು; ಅಲ್ಲಿ ಮಟ್ಟವಾಗಿ ಹೊಡೆದ ಹಲಗೆಗಳೆಲ್ಲ ಈ ಸಮತಟ್ಟಾದ ಮೈದಾನದಲ್ಲಿ ಓರೆಯಾಗಿದ್ದವು. ಗುಳ್ಳೆ ಸುಳ್ಳಾಡಿರಲಿಲ್ಲ, ಆ ಜಾಗದ ಸತ್ಯವನ್ನೇ ಹೇಳಿತ್ತು. ನಾನು ಮನೆ ಕಟ್ಟುವವನು. ಅಲ್ಲಿಯವರೆಗೆ ನಾನು ಕಟ್ಟಿದ್ದು ಯಾವುದೂ ಎದ್ದು ಹೊರಟಿರಲಿಲ್ಲ. ನಾಚಿಕೆಯಿಂದ ತಲೆಯೆತ್ತಲಾಗಲಿಲ್ಲ.

"ಎಲ್ಲಾ ಬಿಚ್ಚಿ ಮತ್ತೆ ಮಾಡ್ಕೊಡ್ತೀನಿ ತಾಯಿ" ಎಂದೆ.

ಸಾಕಮ್ಮ ಸೆರಗಿನಿಂದ ಹಾಲು ಒರೆಸಿದಳು. "ಬಿಚ್ಚೋದೇನೂ ಬೇಡ. ಹನ್ನೊಂದು ಮನೇಲಿ ನಾವೇ ಬಗ್ಗಿ ಬಾಳಿದ್ವಿ. ಇನ್ಮೇಲೆ ಊರೂರು ತಿರುಗ್ತೀವಿ, ಜಾಗಾನೇ ನಮ್ಮನೆಗೆ ತಕ್ಕಂಗಿರ್ಲಿ. ಆ ಮಟ್ಟ ಇಲ್ಲಿ ಕೊಡಿ."

ಒಲೆಯ ಹಲಗೆಯ ಮೇಲೆ ರಸಮಟ್ಟ ಇಟ್ಟು, ಅದರಿಂದ ಕಣ್ಣು ಕೀಳದೆ ತಗಡಿಗೆ ಎರಡು ಸಲ ಬಡಿದಳು. ಬಸ್ಸು ಮೈದಾನ ದಾಟಿ ಕೆರೆಯತ್ತ ಹೊರಟಿತು. ಹಿಂದೆ ಊರಿಗೆ ಊರೇ ನಡೆಯಿತು. ಏರಿಯ ಪಕ್ಕದ ಇಳುಕಲಿನಲ್ಲಿ ಚೆಲುವಯ್ಯ ಮೆಲ್ಲಗೆ ಗಾಲಿ ತಿರುಗಿಸಿದ. ಗುಳ್ಳೆ ಒಂದೊಂದೇ ಕೂದಲೆಳೆಯಷ್ಟು ಸರಿಯಿತು. ನಾನು ಉಸಿರು ಬಿಗಿಹಿಡಿದು ನೋಡುತ್ತಿದ್ದೆ. ಅದು ಎರಡು ಗೆರೆಗಳ ನಡುವೆ ಬಂದ ಕ್ಷಣವೇ ಸಾಕಮ್ಮ ಒಂದು ಸಲ ಬಡಿದಳು.

ಪಾತ್ರೆಗೆ ಮತ್ತೆ ಹಾಲು ಸುರಿದು ಒಲೆ ಹೊತ್ತಿಸಿದಳು. ಹಾಲು ಏರಿತು, ಅಂಚಿನಲ್ಲಿ ಒಂದು ಗಳಿಗೆ ನಿಂತಿತು, ಆಮೇಲೆ ಸುತ್ತಲೂ ಸಮವಾಗಿ ಉಕ್ಕಿ ಹರಿಯಿತು. ಒಂದು ಲೋಟವೂ ಅಲುಗಲಿಲ್ಲ. ನನಗೆ ಅಳು ಬಂತು. ಒಲೆಯ ಹೊಗೆ ಎಂದೆ. ಪರಮೇಶಪ್ಪ ಎರಡು ಲೋಟ ಪಾಯಸ ಕುಡಿದು, ಬಾಯಿ ಒರೆಸಿಕೊಂಡು, "ಊರು ಬಿಟ್ಟು ಹೋಗಲೇಬೇಕೇನಮ್ಮ?" ಎಂದು ಕೇಳಿದ.

ಹೋದರು. ಇಳಿಜಾರು ಸಿಗದ ಕಡೆ ಗಾಲಿಯಡಿ ಕೊಡಲೆಂದು ನಾನು ದಪ್ಪನೆಯ ಎರಡು ಹಲಗೆ ಮಾಡಿಕೊಟ್ಟೆ. ರಸಮಟ್ಟವನ್ನು ಮಾತ್ರ ಸಾಕಮ್ಮ ಹಿಂದಿರುಗಿಸಲಿಲ್ಲ. "ಇದು ನಮ್ಮನೆ ಪಾಯ ಆಚಾರ್ರೇ, ಕಿತ್ತು ಕೊಡೋಕಾಗುತ್ತಾ?" ಎಂದಳು.

ಆಮೇಲೆ ವರ್ಷಗಟ್ಟಲೆ ಅವಳಿಂದ ಕಾರ್ಡುಗಳು ಬರುತ್ತಿದ್ದವು. ಊರಿನ ಹೆಸರು ಬರೆಯಲು ಎಷ್ಟೋ ಸಲ ಮರೆತಿರುತ್ತಿದ್ದಳು. "ಗುಳ್ಳೆ ನಡುವಿಗೆ ಬಂತು, ಹಾಲು ಉಕ್ಕಿತು" ಎಂದಷ್ಟೇ ಇರುತ್ತಿತ್ತು. ಅಂಗಡಿಯ ಗೋಡೆಯಲ್ಲಿ ರಸಮಟ್ಟ ತೂಗುಹಾಕುತ್ತಿದ್ದ ಮೊಳೆ ಖಾಲಿಯಿತ್ತು. ಒಂದರ ಮೇಲೊಂದು ಆ ಕಾರ್ಡುಗಳನ್ನು ಅದಕ್ಕೇ ಚುಚ್ಚಿಡುತ್ತಾ ಬಂದೆ.